ಅಜ್ಜಿಯ ಹೊಲಿಗೆಗೆ ಓರೆ ಬೆಳಕು

ಫೆಬ್ರವರಿ ೩

ತೀರ್ಥರೂಪ ಸಮಾನರೂ, ವಿಮಾನಕುಲ ತಿಲಕರೂ, ಮೀಸೆಗೆ ಬಣ್ಣ ಹಚ್ಚುವುದಿಲ್ಲವೆಂದು ಕಂಡಕಂಡವರ ಮುಂದೆ ಆಣೆ ಇಡುವವರೂ ಆದ ಭಾವನವರ ಪಾದಗಳಿಗೆ ಅವರ ಹೆಂಡತಿಯ ಏಕಮಾತ್ರ ತಮ್ಮ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ. ಅಲ್ಲಿ ನೀವು, ಅಕ್ಕ, ಮತ್ತು ನೀವು ಅಕ್ಕನಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೇ ಪ್ರೀತಿಸುವ ನಿಮ್ಮ ಅಜ್ಜಿ ಕ್ಷೇಮವೆಂದು ನಂಬಿದ್ದೇನೆ. ಈ ಕಾಗದ ಅಜ್ಜಿಯ ವಿಚಾರವಾಗಿಯೇ.

ಮೂವತ್ತು ವರ್ಷ ದಾಟಿದ ವಿಮಾನಗಳೆಲ್ಲ ಇನ್ನು ಮುಂದೆ ಮೈ ತಪಾಸಣೆ ಮಾಡಿಸಿಕೊಂಡೇ ಹಾರಬೇಕೆಂದು ಮೇಲಿನವರು ಅಪ್ಪಣೆ ಹೊರಡಿಸಿದ್ದಾರೆ. ದ್ವೀಪಗಳ ರೋಗಿಗಳನ್ನು ಆಸ್ಪತ್ರೆಗೆ ಹೊತ್ತು ತರುವ ನೀವು ಸ್ಪ್ಯಾನರು ಹಿಡಿದು ಸಾಕಿದ ಆ ಎರಡು ಎಂಜಿನ್ನಿನ ಮುದುಕಿಯೂ ಪಟ್ಟಿಯಲ್ಲಿದ್ದಾಳೆ. ಇಷ್ಟು ದೊಡ್ಡ ಆಫೀಸಿನಲ್ಲಿ ಇಷ್ಟೊಂದು ಮೇಜುಗಳಿದ್ದರೂ ಅವಳ ಫೈಲು ನೇರವಾಗಿ ಬಂದು ಬಿದ್ದದ್ದು ನನ್ನ ಮೇಜಿನ ಮೇಲೆ. ಅವಳು ನನಗೆ ನೆಂಟಳಾಗಬೇಕೆಂದು ನಾನು ಬಾಯಿ ಬಿಡಲಿಲ್ಲ. ಇಂಥ ಮಜವನ್ನು ಬೇರೆಯವರಿಗೆ ಬಿಟ್ಟುಕೊಡುವುದುಂಟೇ?

ಭಯಪಡಬೇಡಿ. ನಾವು ಸುತ್ತಿಗೆ, ಉಳಿ ಹಿಡಿದು ಬರುವವರಲ್ಲ. ಬೆಳಕು ಬಿಡುವವರು. ಅಜ್ಜಿಯ ಮೈ ಒಂದೇ ತಗಡಲ್ಲವಲ್ಲ. ಒಂದು ತಗಡಿನ ಅಂಚಿನ ಮೇಲೆ ಇನ್ನೊಂದನ್ನು ಹೊದಿಸಿ ಉದ್ದಕ್ಕೂ ರಿವೆಟ್ಟು ಹೊಡೆದು ಹೊಲಿದಿದ್ದಾರೆ. ಆ ಹೊಲಿಗೆಯ ಸಂದಿಯಲ್ಲಿ ನಿಮ್ಮ ಕಡಲ ಗಾಳಿಯ ಉಪ್ಪೂ ನೀರೂ ಸೇರಿ ಸಂಸಾರ ಹೂಡುತ್ತವೆ. ಕಬ್ಬಿಣವಾದರೆ ಕೆಂಪಗೆ ತುಕ್ಕು ಹಿಡಿದು ಊರಿಗೆಲ್ಲ ಸಾರುತ್ತದೆ. ಅಲ್ಯೂಮಿನಿಯಂ ಮಾನವಂತ ಲೋಹ. ಒಳಗೊಳಗೇ ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಮೊದಲಿದ್ದ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಎಲ್ಲಿಂದ ಬರಬೇಕು? ಮೇಲಿನ ತಗಡನ್ನು ಹೊರಕ್ಕೆ ತಳ್ಳುತ್ತದೆ. ರಿವೆಟ್ಟು ಇರುವಲ್ಲಿ ತಗಡು ಅಲುಗುವುದಿಲ್ಲ, ರಿವೆಟ್ಟುಗಳ ನಡುವೆ ಉಬ್ಬುತ್ತದೆ, ಗುಂಡಿ ಹೊಲಿದ ದಿಂಬಿನ ಹಾಗೆ. ಉಬ್ಬು ಕೂದಲೆಳೆಗಿಂತ ತೆಳು. ಕೈಯಾಡಿಸಿದರೆ ತಿಳಿಯದು, ಎದುರು ನಿಂತರೆ ಕಾಣದು. ಆದರೆ ಮೈ ಒರೆಸಿ, ಹೊಳಪಿನ ದ್ರವ ತೆಳ್ಳಗೆ ಸವರಿ, ಪಕ್ಕದಿಂದ ತೀರ ಓರೆಯಾಗಿ ಬೆಳಕು ಬಿಟ್ಟು ಫೋಟೋ ಹೊಡೆದರೆ, ಉಬ್ಬಿನ ಒಂದು ಬದಿ ಬೆಳ್ಳಗೆ ಇನ್ನೊಂದು ಬದಿ ಕಪ್ಪಗೆ ಬಂದು ಗುಟ್ಟೆಲ್ಲ ರಟ್ಟು. ಒಂದು ರಿವೆಟ್ಟೂ ಕೀಳಬೇಕಿಲ್ಲ, ಒಂದು ಗೀರೂ ಬೀಳುವುದಿಲ್ಲ. ಅಜ್ಜಿಗೆ ಕಚಗುಳಿ ಕೂಡ ಆಗುವುದಿಲ್ಲ.

ಇನ್ನೊಂದು ಸಂಗತಿ. ನಮ್ಮ ಆಫೀಸಿನಲ್ಲಿ ಚಹಾ ಕಾಯಿಸುವ ಮೂಲೆಯ ಗೋಡೆಗೆ ‘ಸುಂದರಿಯರ ಸಾಲು’ ಎಂದು ಹೆಸರು. ಉಬ್ಬಿ ಕೆಟ್ಟ ಹೊಲಿಗೆಗಳ ಫೋಟೋ ಅಲ್ಲಿ ಅಂಟಿಸಿ, ಕೆಳಗೆ ಒಂದೊಂದು ಒಕ್ಕಣೆ ಬರೆಯುತ್ತೇವೆ. ಬರೆಯುವ ಗುತ್ತಿಗೆ ನನ್ನದೇ. ಒಂದಕ್ಕೆ ‘ದವಡೆ ನೋವು’, ಇನ್ನೊಂದಕ್ಕೆ ‘ಹಾಸಿಗೆ ಅಂಗಡಿ’. ಅಜ್ಜಿಗೆಂದು ನಟ್ಟನಡುವೆ ಒಂದು ಜಾಗ ಖಾಲಿ ಮಾಡಿಸಿಟ್ಟಿದ್ದೇನೆ. ಒಕ್ಕಣೆಯೂ ಸಿದ್ಧ: ‘ಭಾವನ ಕೈಯಲ್ಲಿ ಬಾಳಿದವಳು’. ಹೇಗಿದೆ?

ಇಂತು ನಿಮ್ಮ ಆಜ್ಞಾಧಾರಕ,
ಹೆಂಡತಿಯ ತಮ್ಮ


ಫೆಬ್ರವರಿ ೧೫

ಟಾರ್ಚು ಸಾಹೇಬರಿಗೆ,

ಸ್ಪ್ಯಾನರು ಹಿಡಿದ ಮೊದಲ ದಿನವೇ ಹೆಬ್ಬೆರಳು ಜಜ್ಜಿಕೊಂಡು ಅಕ್ಕನ ಬೆನ್ನ ಹಿಂದೆ ಅಡಗಿ ಅತ್ತವನು ಈಗ ನನ್ನ ಅಜ್ಜಿಯನ್ನು ಪರೀಕ್ಷೆ ಮಾಡುತ್ತಾನಂತೆ. ಆಗಲಿ. ಕಾಲ ಕೆಟ್ಟಿದೆ ಎಂದು ಎಲ್ಲರೂ ಹೇಳುತ್ತಾರೆ, ನನಗೆ ಇವತ್ತು ಖಾತ್ರಿಯಾಯಿತು.

ನಮ್ಮ ಶೆಡ್ಡು ನಿನಗೆ ಗೊತ್ತೇ ಇದೆ. ಬಾಗಿಲು ತೆರೆದರೆ ಕಡಲು, ಮುಚ್ಚಿದರೆ ಕತ್ತಲು. ದಿನಾ ಬೆಳಿಗ್ಗೆ ಸಿಹಿನೀರಿನಲ್ಲಿ ಅಜ್ಜಿಯ ಮೈ ತೊಳೆದೇ ಉಳಿದ ಕೆಲಸ. ಮೊನ್ನೆ ಕೂಡ ಹಡಗಿನಲ್ಲಿ ಬಿದ್ದು ಸೊಂಟ ಮುರಿದುಕೊಂಡವನೊಬ್ಬನನ್ನು ಗಾಳಿಯಲ್ಲಿ ತಂದಳು. ಕ್ಯಾಪ್ಟನಮ್ಮ ಇಳಿದವಳೇ ಅಜ್ಜಿಯ ಮೂಗು ತಟ್ಟಿ, “ಈ ಮುದುಕಿ ನನಗಿಂತ ಗಟ್ಟಿ ಕಣ್ರೀ, ನನ್ನ ರಿಟೈರ್ ಮಾಡ್ಸಿ ಇವಳು ಹಾರ್ತಾಳೆ” ಎಂದಳು. ಪೈಲಟ್ಟು ಹೇಳುವ ಮಾತು ದೊಡ್ಡದೋ ನಿನ್ನ ಟಾರ್ಚಿನ ಮಾತು ದೊಡ್ಡದೋ?

ಇರಲಿ, ಪೆಟ್ಟಿಗೆ ಕಳಿಸು. ನಿನ್ನ ಪರೀಕ್ಷೆಯಲ್ಲಿ ನಪಾಸಾದರೆ ಅಜ್ಜಿ ನೆಲ ಹಿಡಿಯುತ್ತಾಳೆ, ಹೊಸ ವಿಮಾನ ಕೊಡುತ್ತೇವೆಂದು ಯಾರೂ ಹೇಳಿಲ್ಲ. ಅಷ್ಟು ನೆನಪಿರಲಿ.

ಆ ಗೋಡೆಯ ವಿಷಯ ನಿಜವೋ, ನಿನ್ನ ಬುರುಡೆಯೋ? ನಿಜವಾದರೆ ಹೆಸರು ಬರೆಯುತ್ತೀರಾ? ಯಾವ ಶೆಡ್ಡು, ಯಾರ ಕೈಕೆಲಸ ಅಂತೆಲ್ಲ? ಸುಮ್ಮನೆ ಕೇಳಿದೆ.

ಭಾವ

(ತಮ್ಮಾ, ನಾನು ಅಕ್ಕ. ಇವರು ನಿನ್ನ ಕಾಗದ ಓದಿ ಮೊದಲು ನಕ್ಕರು, ಆಮೇಲೆ ಊಟದಲ್ಲಿ ಮಾತೇ ಆಡಲಿಲ್ಲ. ಮೀಸೆ ವಿಷಯ ಎತ್ತಬಾರದಿತ್ತು ಕಣೋ.)


ಫೆಬ್ರವರಿ ೨೪

ಮೀಸೆಯುಳ್ಳ ಮಹಾಸ್ವಾಮಿಗಳಿಗೆ,

ಮೀಸೆಯ ವಿಷಯಕ್ಕೆ ಕ್ಷಮೆ ಕೇಳುತ್ತೇನೆ. ಅದು ಹುಟ್ಟಾ ಕಪ್ಪು, ಸಾಯುವ ತನಕ ಕಪ್ಪು, ಅದನ್ನು ಸಂಶಯಿಸಿದವನ ನಾಲಗೆಯೂ ಕಪ್ಪು.

ಗೋಡೆ ನೂರಕ್ಕೆ ನೂರು ನಿಜ. ಹೆಸರು ಬರೆಯದೆ ಬಿಡುತ್ತೇವೆಯೇ? ಶೆಡ್ಡಿನ ಹೆಸರು, ಮೆಕ್ಯಾನಿಕನ ಹೆಸರು, ಎಲ್ಲ ದಪ್ಪ ಅಕ್ಷರದಲ್ಲಿ, ಕೆಂಪು ಶಾಯಿಯಲ್ಲಿ. ಬೇರೆ ಊರುಗಳಿಂದ ಬಂದ ಎಂಜಿನಿಯರುಗಳು ಚಹಾದ ಲೋಟ ಹಿಡಿದು ನಿಂತು ಓದುತ್ತಾರೆ. ಕೆಲವರು ಬರೆದುಕೊಂಡೂ ಹೋಗುತ್ತಾರೆ. ಹೀಗಾಗಿ ಅಜ್ಜಿಯನ್ನು ಸ್ವಲ್ಪ ತಿದ್ದಿ ತೀಡಿ ಕೂರಿಸಿ, ಹೆಂಗಸು ಫೋಟೋ ಸ್ಟುಡಿಯೋಕ್ಕೆ ಹೊರಟ ಹಾಗೆ.

ಪೆಟ್ಟಿಗೆ ಕಳಿಸಿದ್ದೇನೆ. ಕ್ಯಾಮೆರಾ, ಉದ್ದನೆಯ ದೀಪ, ದ್ರವದ ಡಬ್ಬಿ, ಬಟ್ಟೆ. ದೀಪವನ್ನು ಮೈಗೆ ಹತ್ತಿರ, ಸೂರ್ಯ ಮುಳುಗುವ ಹೊತ್ತಿನ ಬಿಸಿಲು ನೆಲ ಸವರಿಕೊಂಡು ಬರುವಂತೆ ಇಡಬೇಕು. ಶೆಡ್ಡಿನ ಬಾಗಿಲು ಮುಚ್ಚಿರಲಿ. ಒಂದೊಂದು ಮಾರಿಗೆ ಒಂದೊಂದು ಫೋಟೋ.

ಸೂಚನೆಯ ಹಾಳೆಯೂ ಇದೆ. ಅದರ ಕೆಳಗಿನ ಅರ್ಧದಲ್ಲಿ ಎಳೆಮಕ್ಕಳಿಗೆ ಕೇಳುವಂಥ ಕೆಲವು ಪ್ರಶ್ನೆಗಳಿದ್ದವು. ಅದನ್ನೆಲ್ಲ ನಿಮ್ಮನ್ನು ಕೇಳುವುದು ಮರ್ಯಾದೆಯಲ್ಲವೆಂದು ಅಷ್ಟನ್ನು ಹರಿದು ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ನನಗೆ ಸ್ಪ್ಯಾನರು ಹಿಡಿಯಲು ಕಲಿಸಿದವರಿಗೆ ನಾನು ಪ್ರಶ್ನೆಪತ್ರಿಕೆ ಕೊಡುವುದೇ? ನನ್ನ ಹೆಬ್ಬೆರಳು ನನ್ನನ್ನು ಕ್ಷಮಿಸದು.

ಹೆಂಡತಿಯ ತಮ್ಮ


ಮಾರ್ಚ್ ೧೨

ಟಾರ್ಚು ಸಾಹೇಬ,

ಫೋಟೋಗಳು ಈ ಕಾಗದದ ಜೊತೆಗಿವೆ. ತಡವಾಯಿತು ಎನ್ನಬೇಡ. ಹೊಸ ಯಂತ್ರ, ಕೈ ಕೂರಲು ಸ್ವಲ್ಪ ದಿನ ಬೇಕಾಯಿತು.

ನಿನ್ನ ದೀಪ ಹಿಡಿಯಲು ಕ್ಯಾಪ್ಟನಮ್ಮನೇ ಬಂದಿದ್ದಳು. ಬೋರಲು ಮಲಗಿಕೊಂಡು, “ರೀ, ಇವಳಿಗೆ ಹೇಳಿ, ಉಸಿರು ಬಿಗಿ ಹಿಡೀಬೇಡ ಅಂತ” ಎಂದು ನಗಿಸಿ ನಗಿಸಿ ಎರಡು ಫೋಟೋ ಹಾಳು ಮಾಡಿದಳು. ಹಾಳಾದವನ್ನು ಮತ್ತೆ ತೆಗೆದಿದ್ದೇನೆ.

ಚೆನ್ನಾಗಿ ನೋಡು. ಭೂತಗನ್ನಡಿ ಇಟ್ಟುಕೊಂಡು ನೋಡು. ಆಮೇಲೆ ನಿಮ್ಮ ಗೋಡೆಗೆ ಬೇರೆ ಯಾವಳನ್ನಾದರೂ ಹುಡುಕಿಕೊ.

ಭಾವ

(ತಮ್ಮಾ, ನೀನು ಕಳಿಸಿದ್ದು ಅದೇನು ಪೆಟ್ಟಿಗೆಯೋ! ಎರಡು ವಾರದಿಂದ ಇವರಿಗೆ ಶೆಡ್ಡೇ ಮನೆ. ಬರುವಾಗ ಮೊಣಕೈವರೆಗೆ ಬೆಳ್ಳಗೆ ಮಾಡಿಕೊಂಡು ಬರುತ್ತಾರೆ. ಸುಣ್ಣ ಹೊಡೆಯೋ ಕೆಲಸ ಹಿಡಿದ್ರಾ ಅಂತ ಕೇಳಿದರೆ ಸಿಡುಕುತ್ತಾರೆ. ಬಟ್ಟೆ ಒಗೆಯುವವಳು ನಾನು.)


ಮಾರ್ಚ್ ೨೩

ಭಾವನವರ ಸನ್ನಿಧಾನಕ್ಕೆ,

ಸೋತೆ. ಮಣ್ಣು ಮುಕ್ಕಿದೆ. ಅಜ್ಜಿ ಪಾಸು!

ಪಾಸು ಎಂದರೆ ಎಂಥ ಪಾಸು! ಮೂವತ್ತು ದಾಟಿದವಳ ಮೈ ಹೀಗಿರುವುದನ್ನು ನಾನು ಕಂಡಿಲ್ಲ. ಉಬ್ಬಿಲ್ಲ, ತಗ್ಗಿಲ್ಲ, ಕನ್ನಡಿ. ಸಾಮಾನ್ಯವಾಗಿ ಕಾರ್ಖಾನೆಯಿಂದ ಬಂದ ಹೊಸ ವಿಮಾನದಲ್ಲೂ ರಿವೆಟ್ಟಿನ ಸುತ್ತ ಸಣ್ಣ ಗುಳಿ ಇರುತ್ತದೆ, ನಗುವವರ ಕೆನ್ನೆಯ ಹಾಗೆ. ಅಜ್ಜಿಗೆ ಅದೂ ಇಲ್ಲ. ನಮ್ಮ ಹಿರಿಯರು ಫೋಟೋ ನೋಡಿ, “ಯಾವ ಸೋಪು ಹಾಕ್ತಾರಂತೆ ಕೇಳಯ್ಯ” ಎಂದರು. ಅಕ್ಕ ಹೇಳಿದ ಬಿಳಿ ಕೈ ನೆನಪಾಯಿತು. ಯಾವುದೋ ಪಾಲಿಶ್ ಪುಡಿ ಹಾಕಿ ತಿಕ್ಕಿ ತಿಕ್ಕಿ ಪ್ರಾಣ ಬಿಟ್ಟಿದ್ದೀರಿ ಎಂದು ಅರ್ಥ ಮಾಡಿಕೊಂಡೆ. ಒಂದು ಮಾತು ಕೇಳೋಣ ಎಂದುಕೊಂಡೆ, ಬಿಡಿ, ಕೇಳಿದರೆ ಮತ್ತೆ ಊಟದಲ್ಲಿ ಮಾತು ಬಿಡುತ್ತೀರಿ.

ಸಹಿ ಹಾಕಿ ಕಳಿಸಿದ್ದೇನೆ. ಗೋಡೆಯ ನಡುವಿನ ಜಾಗ ಖಾಲಿ ಖಾಲಿ ಹೊಡೆಯುತ್ತಿದೆ. ನನ್ನ ಬಂಗಾರದಂಥ ಒಕ್ಕಣೆ ವ್ಯರ್ಥವಾಯಿತು.

ಸೋತ ಹೆಂಡತಿಯ ತಮ್ಮ
(ಹೆಂಡತಿ ಸೋತಿಲ್ಲ, ತಮ್ಮ ಸೋತದ್ದು.)


ಏಪ್ರಿಲ್ ೪

ತಮ್ಮಾ,

ಸರ್ಟಿಫಿಕೇಟು ಬಂತು. ಶೆಡ್ಡಿನಲ್ಲಿ ಎಲ್ಲರೂ ಬೆನ್ನು ತಟ್ಟಿದರು. ನೀನು ಹೊಗಳಿದ್ದು ಸ್ವಲ್ಪ ಜಾಸ್ತಿಯಾಯಿತು.

ಸಾಧ್ಯವಾದರೆ ಒಂದು ಸಲ ಬಂದು ಹೋಗು. ಮಳೆ ಹಿಡಿಯುವ ಮೊದಲೇ ಬಂದರೆ ಒಳ್ಳೆಯದು. ಒಂದು ವಿಷಯ ಮಾತಾಡಬೇಕಿತ್ತು. ಕಾಗದದಲ್ಲಿ ಬೇಡ.

ಭಾವ


ಏಪ್ರಿಲ್ ೧೬

ಭಾವಾ,

ಗೊತ್ತಾಯಿತು, ಗೊತ್ತಾಯಿತು. ‘ಕಾಗದದಲ್ಲಿ ಬೇಡ’ ಎನ್ನುವಂಥ ವಿಷಯ ಈ ಪ್ರಪಂಚದಲ್ಲಿ ಒಂದೇ. ಅಕ್ಕ ನನಗೊಂದು ಹೆಣ್ಣು ಗೊತ್ತುಮಾಡಿ, ಬಾಯಿ ಬಿಡುವ ಕೆಲಸವನ್ನು ನಿಮ್ಮ ತಲೆಗೆ ಕಟ್ಟಿದ್ದಾಳೆ. ನೀವು ನನ್ನನ್ನು ‘ತಮ್ಮಾ’ ಎಂದು ಕರೆದಾಗಲೇ ಬಲೆಯ ವಾಸನೆ ಬಡಿಯಿತು. ಈ ಮೀನು ಬರುವುದಿಲ್ಲ. ಮಳೆಗಾಲ ಕಳೆಯಲಿ, ಹುಡುಗಿಗೆ ಬೇರೆ ಕಡೆ ಗೊತ್ತಾಗಲಿ, ಆಮೇಲೆ ನಿಶ್ಚಿಂತೆಯಾಗಿ ಬರುತ್ತೇನೆ.

ಅಜ್ಜಿಯ ಕೆನ್ನೆಗೆ ನನ್ನದೊಂದು ಮುತ್ತು.

ತಪ್ಪಿಸಿಕೊಂಡ ಮೀನು


ಜೂನ್ ೨

ತಮ್ಮನಿಗೆ,

ಪೇಪರಿನಲ್ಲಿ ಓದಿರಬಹುದು. ಓದಿರದಿದ್ದರೆ ನನ್ನಿಂದಲೇ ತಿಳಿಯಲಿ.

ಮೇ ಕೊನೆಯ ಶನಿವಾರ ಬೆಳಿಗ್ಗೆ ದೂರದ ದ್ವೀಪದಿಂದ ಒಬ್ಬ ಬಾಣಂತಿಯನ್ನೂ ಕೂಸನ್ನೂ ಕರೆತರುತ್ತಿದ್ದರು. ಮೇಲೆ ಹೋಗಿ ನೇರವಾದ ಮೇಲೆ ಬಲಗಡೆ ಕಿಟಕಿಯ ಮೇಲಿನ ಹೊಲಿಗೆ ಬಿಚ್ಚಿಕೊಂಡಿತು. ಬಾಗಿಲಿನಷ್ಟು ತಗಡು ಹಾರಿಹೋಯಿತು. ಒಳಗಿನ ಗಾಳಿಯೆಲ್ಲ ಒಂದೇ ಸಲಕ್ಕೆ ಹೊರಗೆ. ಕ್ಯಾಪ್ಟನಮ್ಮ ಅಜ್ಜಿಯ ಮೂಗು ಕೆಳಗೆ ಮಾಡಿ ಸರ್ರನೆ ಇಳಿಸಿ, ನೀರಿನ ಮೇಲೆ ಮೇಲೆಯೇ ತಂದು ನೆಲ ಮುಟ್ಟಿಸಿದಳು. ತಾಯಿ, ಕೂಸು, ನರ್ಸು ಉಳಿದಿದ್ದಾರೆ. ಕೂಸು ಅಳುತ್ತಲೇ ಇಳಿಯಿತು.

ಆ ಹೊಡೆತಕ್ಕೆ ಕ್ಯಾಪ್ಟನಮ್ಮನ ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿ ಅರೆಬರೆ. ಎಂಜಿನ್ನು ಶುರುವಾದರೆ ನಾನು ಶೆಡ್ಡಿನಲ್ಲಿ ಹುಡುಕುವ ತಪ್ಪನ್ನು ಅವಳು ಕೂತಲ್ಲೇ ಬರೀ ಸದ್ದು ಕೇಳಿ ಹೇಳುತ್ತಿದ್ದಳು. ಇನ್ನು ಹಾರುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಉಪ್ಪುಗಾಳಿ ಯಾರನ್ನು ಬಿಟ್ಟಿದೆ. ವಿಚಾರಣೆ ಇದೆ. ನಿನಗೂ ಕಾಗದ ಬರುತ್ತದೆ.

ಭಾವ


ಜೂನ್ ೧೧

ಭಾವ,

ಕಾಗದ ಬಂತು. ನಿಮ್ಮದೂ ಬಂತು, ಅವರದೂ ಬಂತು.

ಆ ಫೋಟೋಗಳನ್ನು ಮತ್ತೆ ತೆಗೆದು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ. ಮೊದಲ ಸಾಲಿಗೆ ಏನಾದರೂ ತಮಾಷೆ ಬರೆಯೋಣವೆಂದು ಅಭ್ಯಾಸಬಲದಿಂದ ಪೆನ್ನು ಎತ್ತಿದೆ, ಅಲ್ಲೇ ಇಟ್ಟೆ.

ಈಗ ತಗಡು ಹಾರಿಹೋಗಿರುವ ಜಾಗದ, ನೀವು ಆಗ ತೆಗೆದ ಫೋಟೋ ನನ್ನ ಮುಂದಿದೆ. ರಿವೆಟ್ಟಿನ ಸುತ್ತ ಇರಬೇಕಾದ ಗುಳಿ ಇಲ್ಲ. ಮಾರ್ಚಿನಲ್ಲೂ ಇರಲಿಲ್ಲ. ಮಾರ್ಚಿನಲ್ಲೂ ನಾನು ನೋಡಿದ್ದೆ. ಬರಿಯ ಲೋಹ ಹೀಗೆ ಕಾಣುವುದಿಲ್ಲ ಎಂದು ನನ್ನ ಕಣ್ಣಿಗೆ ಗೊತ್ತಾಗಿತ್ತು, ಅದನ್ನು ನಾನು ಸೋಪಿನ ಜೋಕು ಮಾಡಿ ಮುಗಿಸಿದೆ. ಕೇಳಬೇಕಿತ್ತು. ನಿಮಗೆ ಬೇಸರವಾದೀತೆಂದು ಕೇಳಲಿಲ್ಲ.

ಈಗ ಕೇಳುತ್ತೇನೆ. ಫೋಟೋ ತೆಗೆಯುವ ಮೊದಲು ಹೊಲಿಗೆಯ ಮೇಲೆ ಏನಾದರೂ ಹಚ್ಚಿದ್ದಿರಾ? ಪುಟ್ಟಿ, ಬಣ್ಣ, ಏನಾದರೂ?

ವಿಮಾನ ಹಾರಬಹುದೆಂದು ನೀವು ಹಾಕುವ ಸಹಿಗಿರುವ ಬೆಲೆ ನನಗೆ ಗೊತ್ತು. ಹಚ್ಚಿದ್ದರೆ ಅದು ಹೋಗುತ್ತದೆ, ಮತ್ತೆ ಯಾವ ವಿಮಾನವನ್ನೂ ನೀವು ಮುಟ್ಟುವ ಹಾಗಿಲ್ಲ. ಹಚ್ಚಿಲ್ಲದಿದ್ದರೆ ತಪ್ಪು ನನ್ನ ಕಣ್ಣಿನದು. ನೀವು ಹೇಳಿದಂತೆ ಅವರಿಗೆ ಬರೆಯುತ್ತೇನೆ.

ನಿಮ್ಮ ತಮ್ಮ


ಜೂನ್ ೨೬

ಮಾನ್ಯರೇ,

ತಮ್ಮ ಪ್ರಶ್ನೆಗೆ ಉತ್ತರ: ಇಲ್ಲ.

ಇಲ್ಲಿ ಎಲ್ಲರೂ ಕ್ಷೇಮ.

(ಸಹಿ)
ಮುಖ್ಯ ಮೆಕ್ಯಾನಿಕ್


ಜುಲೈ ೮

ಭಾವ,

ಇಲ್ಲ ಎಂದಿರಿ. ಅಷ್ಟು ಸಾಕು.

ವಿಚಾರಣೆಯವರಿಗೆ ಬರೆದು ಕಳಿಸಿದ್ದೇನೆ: ಹೊಲಿಗೆ ಉಬ್ಬಿದ್ದು ಫೋಟೋದಲ್ಲಿ ಕಾಣುವಂತಿತ್ತು, ಆತುರದಲ್ಲಿ ನಾನು ಗಮನಿಸಲಿಲ್ಲ, ತಪ್ಪು ನನ್ನೊಬ್ಬನದು. ಫೋಟೋ ನೋಡಿದರೆ ಅವರಿಗೆ ಉಬ್ಬು ಕಾಣುವುದಿಲ್ಲವಲ್ಲ ಎಂದು ಕೇಳಬೇಡಿ. ಇಂಥ ಫೋಟೋ ಓದಲು ಗೊತ್ತಿರುವವರು ಬಹಳ ಜನ ಇಲ್ಲ. ನನ್ನ ಮಾತನ್ನೇ ನಂಬುತ್ತಾರೆ.

ನೀವು ನನ್ನನ್ನು ‘ಮಾನ್ಯರೇ’ ಎಂದು ಕರೆದದ್ದು ಇದೇ ಮೊದಲು. ಜೀವನದಲ್ಲಿ ಒಂದು ಸಲವಾದರೂ ಈ ಮನುಷ್ಯನ ಬಾಯಲ್ಲಿ ಮರ್ಯಾದೆಯ ಮಾತು ಹೊರಡಿಸಬೇಕೆಂದು ಬಹಳ ಆಸೆಯಿತ್ತು. ಹೀಗಲ್ಲ.

ಅಕ್ಕ ಯಾಕೆ ಕೆಳಗೆ ಏನೂ ಬರೆದಿಲ್ಲ?

ತಮ್ಮ


ಆಗಸ್ಟ್ ೭

ತಮ್ಮಾ,

ನಿನ್ನೆ ವಿಚಾರಣೆ ಮುಗಿಯಿತು. ಆಸ್ಪತ್ರೆಯ ಮಹಡಿಯ ಕೋಣೆಯಲ್ಲಿ ನಡೆಸಿದರು. ಉದ್ದದ ಮೇಜು, ಮೂವರು ಅಧಿಕಾರಿಗಳು, ಈ ಕಡೆ ಬೆಂಚಿನ ಮೇಲೆ ನಾನು, ಪಕ್ಕದಲ್ಲಿ ಕ್ಯಾಪ್ಟನಮ್ಮ. ಅವಳು ಎಡಗಿವಿ ಮೇಜಿನ ಕಡೆಗಾಗುವ ಹಾಗೆ ನನ್ನ ಕಡೆ ಮುಖ ಮಾಡಿ ಕೂತಿದ್ದಳು.

ಅಧಿಕಾರಿ ನಿನ್ನ ಹೇಳಿಕೆ ಓದಿದ. ‘ತಪ್ಪು ನನ್ನೊಬ್ಬನದು’ ಎಂದು ಮುಗಿಸಿದ. ನಾನು ನೆಲ ನೋಡುತ್ತಾ ಕೂತೆ. ಸಹಿ ಉಳಿಯಿತು ಎಂದುಕೊಂಡೆ. ಸುಳ್ಳೇಕೆ ಹೇಳಲಿ, ಹಾಗೇ ಅಂದುಕೊಂಡೆ.

ಕ್ಯಾಪ್ಟನಮ್ಮ ಕೈಯೆತ್ತಿ, “ನನಗೆ ಕೇಳಿಸ್ಲಿಲ್ಲ ಸ್ವಾಮಿ. ಇನ್ನೊಂದ್ಸಲ ಓದ್ತೀರಾ? ಸ್ವಲ್ಪ ಜೋರಾಗಿ” ಎಂದಳು.

ಅವನು ಎದ್ದು ನಿಂತು ಮೊದಲಿನಿಂದ ಗಟ್ಟಿಯಾಗಿ ಓದತೊಡಗಿದ. ಮೊದಲ ಸಲ ಕಾಗದದ ಹಾಗೆ ಕೇಳಿದ್ದು ಎರಡನೆಯ ಸಲ ನಿನ್ನ ದನಿಯಲ್ಲೇ ಕೇಳಿಸಿತು. ‘ಆತುರದಲ್ಲಿ’ ಎನ್ನುವಷ್ಟರಲ್ಲಿ ನಾನು ಎದ್ದು ನಿಂತೆ.

“ಅವನು ಬರೆದಿರೋದು ಸುಳ್ಳು. ಉಬ್ಬು ಫೋಟೋದಲ್ಲಿರಲಿಲ್ಲ. ನಾನೇ ಮುಚ್ಚಿದ್ದೆ” ಎಂದೆ.

ಎಲ್ಲ ಹೇಳಿದೆ. ನೀನು ಪೆಟ್ಟಿಗೆ ಕಳಿಸಿದ ದಿನವೇ ದೀಪ ಹಚ್ಚಿ ನಾನೊಬ್ಬನೇ ನೋಡಿದ್ದು. ದಿಂಬಿನ ಸಾಲೇ ಸಾಲು ಕಂಡಿತು. ಇಷ್ಟು ವರ್ಷ ಏನೂ ಆಗದ್ದು ಒಂದು ಮಳೆಗಾಲದಲ್ಲಿ ಏನಾದೀತು, ಮಳೆ ಕಳೆದ ಮೇಲೆ ಯಾರಿಗೂ ಹೇಳದೆ ಹೊಲಿಗೆ ಬಿಚ್ಚಿ ಹೊಸ ತಗಡು ಹಾಕೋಣ, ಅಲ್ಲಿಯವರೆಗೆ ಗೋಡೆ ಮೇಲೆ ಹೆಸರು ಬರದಿದ್ದರೆ ಸಾಕು ಎಂದು ತಗ್ಗಿಗೆಲ್ಲ ಪುಟ್ಟಿ ತುಂಬಿ, ಸಮ ಮಾಡಿ, ಬಣ್ಣ ಹೊಡೆದೆ. ಏಪ್ರಿಲ್‌ನಲ್ಲಿ ನಿನ್ನನ್ನು ಕರೆದದ್ದು ಇದನ್ನು ಹೇಳಲೆಂದೇ. ನೀನು ಹೆಣ್ಣಿನ ಕತೆ ಬರೆದೆ. ಓದಿ ನಕ್ಕೆ. ನಕ್ಕ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

ಅಧಿಕಾರಿ, “ಯಾವ ಗೋಡೆ?” ಎಂದು ಕೇಳಿದ. ಹೇಳಿದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕ್ಯಾಪ್ಟನಮ್ಮ ನನ್ನ ತುಟಿಯನ್ನೇ ನೋಡುತ್ತಿದ್ದಳು. ನನ್ನ ಮಾತನ್ನು ಇನ್ನೊಂದು ಸಲ ಹೇಳಿ ಎಂದು ಕೇಳಲಿಲ್ಲ. “ನಾನು ದೀಪ ಹಿಡ್ದಿದ್ದೆ ಅಲ್ವಾ” ಎಂದಳು, ಅಷ್ಟೇ.

ನನ್ನ ಸಹಿ ಹೋಯಿತು. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ನಿನಗೂ ಏನೋ ಮಾಡುತ್ತಾರಂತೆ. ನನ್ನನ್ನು ಉಳಿಸಲು ಹೋದವನನ್ನು ನಾನು ಸತ್ಯ ಹೇಳಿ ಮುಳುಗಿಸಿದೆ. ಮೊದಲೇ ನಿನಗೆ ‘ಹೌದು’ ಎಂದಿದ್ದರೆ ನೀನಾದರೂ ಉಳಿಯುತ್ತಿದ್ದೆ.

ಭಾವ

(ತಮ್ಮಾ, ಆ ಬಿಳಿ ಕೈ ಏನೆಂದು ನನಗೂ ಜೂನ್‌ನಲ್ಲೇ ಗೊತ್ತಾಯಿತು. ಗಂಡನ ವಿರುದ್ಧ ಬರೆಯಲೋ ತಮ್ಮನ ವಿರುದ್ಧ ಸುಮ್ಮನಿರಲೋ ತಿಳಿಯದೆ ಕೆಳಗೆ ಜಾಗ ಖಾಲಿ ಬಿಟ್ಟೆ.)


ಆಗಸ್ಟ್ ೨೧

ಭಾವ,

ನನ್ನನ್ನು ಫೋಟೋ ನೋಡುವ ಕೆಲಸದಿಂದ ತೆಗೆದು ಉಗ್ರಾಣಕ್ಕೆ ಹಾಕಿದ್ದಾರೆ. ಪೆಟ್ಟಿಗೆಗಳಿಗೆ ದೀಪ, ಡಬ್ಬಿ, ಬಟ್ಟೆ ತುಂಬಿ ಕಳಿಸುವುದು. ಸೂಚನೆಯ ಹಾಳೆಯನ್ನು ಇಡೀ ಹಾಳೆಯಾಗಿಯೇ ಹಾಕುತ್ತೇನೆ.

ನಾನು ಹರಿದಿಟ್ಟುಕೊಂಡ ಅರ್ಧದಲ್ಲಿ ಮೊದಲ ಪ್ರಶ್ನೆ ಇದು: ‘ಇತ್ತೀಚೆಗೆ ಈ ಭಾಗಕ್ಕೆ ಪುಟ್ಟಿ ಅಥವಾ ಬಣ್ಣ ಹಚ್ಚಲಾಗಿದೆಯೇ?’ ಅದನ್ನು ಓದಿದಾಗ ನನಗೆ ನಗು ಬಂದಿತ್ತು. ಈ ಪ್ರಶ್ನೆ ನನ್ನ ಭಾವನಿಗೇ ಎಂದು. ಹಾಳೆಯಲ್ಲಿ ಮುದ್ರಿಸಿದ್ದನ್ನು ಯಾರೋ ಅಪರಿಚಿತ ಕೇಳಿದ್ದರೆ ನೀವು ಅಪರಿಚಿತನಿಗೆ ಹೇಳುವ ಹಾಗೆ ಸರಾಗವಾಗಿ ‘ಹೌದು’ ಎಂದು ಬರೆದುಬಿಡುತ್ತಿದ್ದಿರೋ ಏನೋ.

ಇನ್ನೊಂದು. ಗೋಡೆ ಇದೆ. ಫೋಟೋಗಳಿವೆ. ಹೆಸರು ಇಲ್ಲ. ಯಾರ ಹೆಸರನ್ನೂ ಯಾವತ್ತೂ ಬರೆದದ್ದಿಲ್ಲ. ಕೆಂಪು ಶಾಯಿ, ದಪ್ಪ ಅಕ್ಷರ, ಚಹಾದ ಲೋಟ ಹಿಡಿದು ನಿಂತ ಎಂಜಿನಿಯರುಗಳು, ಎಲ್ಲ ನಾನು ಕೂತಲ್ಲಿ ಕಟ್ಟಿದ್ದು. ನೀವು ‘ಸುಮ್ಮನೆ ಕೇಳಿದೆ’ ಎಂದು ಬರೆದಿದ್ದಿರಿ. ನೀವು ಸುಮ್ಮನೆ ಏನನ್ನೂ ಕೇಳುವವರಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಕೆಣಕಲು ಒಳ್ಳೆಯ ಜಾಗ ಸಿಕ್ಕಿತೆಂದು ಅಲ್ಲೇ ಬೆರಳಿಟ್ಟೆ. ಗೋಡೆಗೆ ಒಕ್ಕಣೆ ಬರೆಯುವ ಕೆಲಸ ಈಗ ಬೇರೆಯವರದು. ಅವರದು ಸಪ್ಪೆ ಎಂದು ದೂರು ಬರುತ್ತಿದೆ, ನನ್ನನ್ನು ಕರೆದರು. ಹೋಗಲಿಲ್ಲ.

ಮುಂದಿನ ತಿಂಗಳ ಕೊನೆಗೆ ರಜೆ ಇದೆ. ಬರಲೇ? ಕ್ಯಾಪ್ಟನಮ್ಮನ ಮುಂದೆ ಒಂದು ಸಲ ಕೂರಬೇಕು. ನಿಮ್ಮ ಮುಂದೆಯೂ. ಮಾತಾಡದಿದ್ದರೂ ಪರವಾಗಿಲ್ಲ.

ತಮ್ಮ


ಸೆಪ್ಟೆಂಬರ್ ೩

ತಮ್ಮಾ,

ಕಾಗದ ತಲುಪಿತು. ಗೋಡೆಯ ಮೇಲೆ ಹೆಸರೇ ಇಲ್ಲವೆಂದು ಓದಿ ಕಾಗದ ಕೆಳಗಿಟ್ಟು ಹೊರಗೆ ಒಂದು ಸುತ್ತು ಹೋಗಿ ಬಂದೆ. ನಿನ್ನ ಮೇಲೆ ಕೋಪ ಬಂದಿದೆ. ಇರಲಿ, ನನ್ನ ಮೇಲಿರುವಷ್ಟಿಲ್ಲ. ಒಂದು ಜೋಕಿಗೆ ಹೆದರಿ ಪುಟ್ಟಿ ಕಲಸಿದವನು ನಾನು.

ಅಜ್ಜಿಯನ್ನು ಕತ್ತರಿಸಿ ಸಾಗಿಸುತ್ತಿದ್ದಾರೆ. ನಾನು ಹತ್ತಿರ ಹೋಗುವ ಹಾಗಿಲ್ಲ. ಕಾಂಪೌಂಡಿನ ಈಚೆ ನಿಂತು ನೋಡಿದೆ. ಒಳಗಿನ ತಗಡು ಕೈಯಲ್ಲಿ ಹಿಡಿದರೆ ಉದುರುತ್ತಿತ್ತಂತೆ. ನನಗೆ ಈಗ ಆಸ್ಪತ್ರೆಯವರು ಸ್ಟ್ರೆಚರು ಗಾಲಿಗಳಿಗೆ ಎಣ್ಣೆ ಬಿಡುವ ಕೆಲಸ ಕೊಟ್ಟಿದ್ದಾರೆ. ಸಹಿ ಬೇಕಾಗಿಲ್ಲದ ಕೆಲಸ. ದ್ವೀಪದವರು ಈಗ ದೋಣಿಯಲ್ಲಿ ಬರುತ್ತಾರೆ. ಗಾಳಿ ಜೋರಿದ್ದರೆ ಬರುವುದಿಲ್ಲ. ಅಂಥ ದಿನ ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಮೊದಲು ಕಡಲನ್ನೇ ನೋಡುತ್ತೇನೆ.

ಕ್ಯಾಪ್ಟನಮ್ಮ ಭಾನುವಾರ ಮನೆಗೆ ಬರುತ್ತಾಳೆ. ನಿನ್ನ ಅಕ್ಕ ಅವಳ ಎಡಗಡೆ ಕೂತು ಮಾತಾಡುತ್ತಾಳೆ. ಬೈದಿದ್ದರೆ ಚೆನ್ನಾಗಿತ್ತು. ಬೈಯುವುದಿಲ್ಲ. ಹೋದ ವಾರ ಒಲೆಯ ಮೇಲೆ ಕೆಟಲು ಕೂಗುತ್ತಿತ್ತು, ಅಕ್ಕ ಹಿತ್ತಲಲ್ಲಿದ್ದಳು. ಕ್ಯಾಪ್ಟನಮ್ಮ ಅದರ ಪಕ್ಕದಲ್ಲೇ ನಿಂತು ಕಿಟಕಿಯಾಚೆ ನೋಡುತ್ತಿದ್ದಳು. ನಾನೇ ಎದ್ದು ಹೋಗಿ ಇಳಿಸಿದೆ.

ಬರಲೇ ಎಂದು ಕೇಳಿದ್ದೀಯ. ನಿನ್ನ ಅಕ್ಕ ಹಾಸಿಗೆ ಬಿಸಿಲಿಗೆ ಹಾಕಿಯೂ ಆಯಿತು. ನಾನು ತೆಗೆಸಿದೆ. ಈಗ ಬರಬೇಡ, ಇನ್ನೂ ಸ್ವಲ್ಪ ದಿನ ಹೋಗಲಿ. ಸಿಟ್ಟಿಗೆ ಹೇಳುತ್ತಿಲ್ಲ. ಮಾತಾಡದೆ ಕೂರುತ್ತೇನೆ ಎಂದಿದ್ದೀಯ, ನಿನ್ನಿಂದ ಆಗದು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ನನ್ನ ಮೀಸೆ ನೋಡುತ್ತೀಯ, ಅದು ಈಗ ಪೂರ್ತಿ ಬೆಳ್ಳಗಾಗಿದೆ, ಏನೋ ಒಂದು ಅಂದೇ ಅನ್ನುತ್ತೀಯ. ನಾನು ನಕ್ಕುಬಿಡುತ್ತೇನೆ.

ಇಷ್ಟು ಬೇಗ ನಗಬಾರದು ಕಣೋ.

ಭಾವ